ಆ ವಿಮಾನಕ್ಕೆ ಏನಾಗಿತ್ತು?

ಈ ಬೇಸಿಗೆಯಲ್ಲಿ ನಾನು ಕುಳಿತಿದ್ದ ವಿಮಾನ ಪುಣೆಯಿಂದ ಹೊರಟು, ಅರ್ಧ ದಾರಿಯಲ್ಲಿ ಪುಣೆಗೇ ವಾಪಸಾಯಿತು. ಮೊದಲು ಸುಟ್ಟ ವೈರಿನ ವಾಸನೆ. ಆಮೇಲೆ ಬಲಗಡೆಯ ಇಂಜಿನ್ ಸದ್ದು ನಿಂತಂತಾಯಿತು. (ನಿಂತಿತು ಎಂದು ಬರೆಯಲಾರೆ. ನನಗೆ ಹಾಗೆ ಕೇಳಿಸಿತು, ಅಷ್ಟೆ.) ಪಕ್ಕದ ಸೀಟಿನ ಹೆಂಗಸು ನನ್ನ ಕೈ ಹಿಡಿದುಕೊಂಡವರು ನೆಲ ಮುಟ್ಟುವವರೆಗೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಇಳಿದ ಮೇಲೆ ಸಿಕ್ಕ ವಿವರಣೆ: ಟೆಕ್ನಿಕಲ್ ಪ್ರಾಬ್ಲಂ. ಮಾಹಿತಿ ಹಕ್ಕಿನಡಿ ಸರ್ಕಾರವನ್ನು ಕೇಳಿದೆ. ತನಿಖೆ ಮುಗಿದಿದೆ, ವರದಿ ಕೊಡಲಾಗದು ಎಂದರು.

ಮರೆಯಲು ನೋಡುತ್ತಿದ್ದೆ. ಅಷ್ಟರಲ್ಲಿ ಸಾದಲಿಯ ಚಿಕ್ಕಮ್ಮನ ಫೋನ್ ಬಂತು. ಪುಣೆಯಲ್ಲಿರುವ ಮಗಳಿಗೆ ದಿನ ತುಂಬಿದೆ, ಡಾಕ್ಟರ್ ಪ್ರಯಾಣ ಬೇಡವೆಂದಿದ್ದಾರೆ, ಇವರೇ ಹೋಗಬೇಕು. ಅಳಿಯ ಗುರುವಾರಕ್ಕೆ ಟಿಕೆಟ್ ಮಾಡಿಸಿದ್ದಾನೆ. ಅದೇ ಕಂಪನಿಯ ವಿಮಾನ.

ಎದುರಿಗೇ ಮಾತಾಡೋಣವೆಂದು ಹೋದರೆ ಚಿಕ್ಕಮ್ಮ ನನ್ನನ್ನು ಜಗಲಿಯಲ್ಲೇ ಕೂರಿಸಿದರು. ರೇಷ್ಮೆಹುಳಕ್ಕೆ ಸುಣ್ಣಕಟ್ಟು ರೋಗ. ಹುಳು ಬಿಳಿಚಿ, ಸುಣ್ಣದ ಕಡ್ಡಿಯಂತೆ ಗಟ್ಟಿಯಾಗಿ ಸಾಯುತ್ತದೆ. ಅಂಟುರೋಗ. ಆ ಹೊತ್ತಿಗೆ ಪಕ್ಕದ ಮನೆಯ ನಾಗಮ್ಮ, ಹುಳು ಗೂಡು ಕಟ್ಟುವ ಚಂದ್ರಿಕೆ ಕೇಳಿಕೊಂಡು ಬಂದರು.

"ನಮ್ಮನೇಲಿ ಸುಣ್ಣಕಟ್ಟು ಬಿದ್ದೈತೆ ಕಣಮ್ಮ. ಚಂದ್ರಿಕೆ ಕೊಡಲ್ಲ. ನೀನೂ ಇತ್ತ ಬರಬೇಡ."

"ಹಂಗಾರೆ ಇವತ್ತು ಕಾಫಿನೂ ಇಲ್ಲ ಅನ್ನಕ್ಕ" ಎಂದು ನಾಗಮ್ಮ ಬೀದಿಯಿಂದಲೇ ತಿರುಗಿದರು.

ನಮ್ಮ ಕಡೆ ಇದನ್ನು ಯಾರೂ ಮುಚ್ಚಿಡುವುದಿಲ್ಲ. ಹೇಳಿಕೊಳ್ಳಲು ನಾಚಿಕೆಯೇ. ಹುಳುಮನೆ ತೊಳೆಯಲಿಲ್ಲವೇ ಎಂದು ನಾಲ್ಕು ಜನ ಆಡಿಕೊಳ್ಳುತ್ತಾರೆ. ಹೇಳದಿದ್ದರೆ ಇಡೀ ಬೀದಿಯ ಬೆಳೆ ಹೋಗುತ್ತದೆ.

ಆಮೇಲೆ, ನನ್ನ ವಿಮಾನ ವಾಪಸಾದ ಕಥೆ ಆಗಲೇ ಕೇಳಿದ್ದ ಚಿಕ್ಕಮ್ಮ ನನ್ನ ಕಡೆ ತಿರುಗಿದರು.

"ಆ ವಿಮಾನಕ್ಕೆ ಏನಾಗಿತ್ತಪ್ಪ? ರಿಪೇರಿ ಆಯ್ತಾ?"

ಗೊತ್ತಿಲ್ಲ ಎಂದೆ. ಗೊತ್ತಿರೋರು ಯಾರು ಎಂದರು. ಸರ್ಕಾರದವರು ಎಂದೆ.

"ಮತ್ತೆ ಹೇಳಕ್ಕೇನಂತೆ ಅವರಿಗೆ?"

ಜನ ಹೆದರುತ್ತಾರೆ ಎಂಬುದು ಮಾಮೂಲಿ ಕಾರಣ. ಹೇಳದಿದ್ದರೆ ಹೆದರುವುದಿಲ್ಲವೇ? ಇಂಥ ಭಾಗ ಸವೆದಿತ್ತು, ಬದಲಿಸಿದ್ದಾರೆ, ಉಳಿದ ವಿಮಾನಗಳನ್ನೂ ನೋಡಿದ್ದಾರೆ ಎಂದು ತಿಳಿದಿದ್ದರೆ ಧೈರ್ಯವಾಗಿ ಹೋಗಿ ಬನ್ನಿ ಎನ್ನುತ್ತಿದ್ದೆ. ಎಲ್ಲ ಸರಿಯಾಗಿಯೇ ಇರಬಹುದು. ಆ 'ಇರಬಹುದು' ನಂಬಿ ಚಿಕ್ಕಮ್ಮನನ್ನು ಹತ್ತಿಸಬೇಕು. ರೈಲು ಟಿಕೆಟ್ಟಿಗೆ ಕಾದರೆ ಅಷ್ಟರಲ್ಲಿ ಮಗಳಿಗೆ ನೋವು ಶುರುವಾಗಬಹುದು.

ಗುರುವಾರ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಅವರನ್ನು ಕರೆದೊಯ್ಯುವವನು ನಾನೇ. ನಾಗಮ್ಮನಿಗೆ ಬೀದಿಯಲ್ಲೇ ಸಿಕ್ಕಂಥ ಉತ್ತರ, ಚಿಕ್ಕಮ್ಮನಿಗೆ ವಿಮಾನ ಹತ್ತುವ ಮುಂಚೆಯಾದರೂ ಸಿಗಬಾರದೇ?