ಒಲೆ ಇಡಬಹುದಾದ ಟೆಂಟು

ಸತ್ತವರು ಬಂದರು, ಕನಸಿನಲ್ಲಿ ಹೇಳಿದರು, ಹೆಜ್ಜೆ ಸಪ್ಪಳ ಕೇಳಿಸಿತು ಎನ್ನುವ ಮಾತುಗಳಿಗೆಲ್ಲ ನಾನು ನಗುತ್ತಿದ್ದವಳು. ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ತಪ್ಪು ಕಂಡಿತು ಎಂದರೆ ಸಾಲದು, ಅದನ್ನು ಇನ್ನೊಂದು ಸಲ ಮಾಡಿ ತೋರಿಸಬೇಕು. ತೋರಿಸಲಾಗದಿದ್ದರೆ ಅದು ಆಗಿಯೇ ಇಲ್ಲ ಎಂದು ನಮ್ಮ ಆಫೀಸಿನ ಲೆಕ್ಕ. ನಮ್ಮ ದೊಡ್ಡಮ್ಮ ಒಮ್ಮೆ, ತೀರಿಕೊಂಡ ದೊಡ್ಡಪ್ಪನ ಕೆಮ್ಮು ಜಗಲಿಯಲ್ಲಿ ಕೇಳಿಸಿತು ಎಂದಾಗ, ಪಕ್ಕದ ಮನೆಯವರು ಕೆಮ್ಮಿರಬೇಕು ಬಿಡಿ ಎಂದು ಅವರ ಬಾಯಿ ಮುಚ್ಚಿಸಿದ್ದೆ. ಆದ್ದರಿಂದ ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ನಾನೂ ಪ್ರಸನ್ನನೂ ಮೈಸೂರಿನವರು, ಒಂದೇ ಕಾಲೇಜಿನಲ್ಲಿ ಓದಿದವರು. ಹಾಗಾಗಿ ಗಂಡನನ್ನು ಬಹುವಚನದಲ್ಲಿ ಕರೆಯುವ ಅಭ್ಯಾಸ ನನಗೆ ಬರಲೇ ಇಲ್ಲ. ಇಬ್ಬರಿಗೂ ನೆದರ್ಲೆಂಡ್ಸಿನ ಯುಟ್ರೆಕ್ಟ್‌ನಲ್ಲಿ ಕೆಲಸ, ಮನೆ ಪಕ್ಕದ ಊರು ನ್ಯೂವೆಗೈನ್‌ನಲ್ಲಿ. ಆ ಮನೆಯ ಬೀಗದ ಕೈ ಸಿಕ್ಕ ದಿನ, ಎಲ್ಲರೂ ಮಾಡುವಂತೆ, ಮೊದಲು ಹಾಲು ಉಕ್ಕಿಸಲು ಹೊರಟೆವು. ಹಾಲು ಪೂರ್ವದ ಕಡೆಗೆ ಉಕ್ಕಿದರೆ ಒಳ್ಳೆಯದು ಎಂದು ಅವನಮ್ಮ ಫೋನಿನಲ್ಲಿ ಹೇಳಿದ್ದರಿಂದ ಪಾತ್ರೆಯನ್ನು ಒಂದಿಷ್ಟು ವಾಲಿಸಿಯೂ ಇಟ್ಟಿದ್ದ, ಕಳ್ಳ. ಆದರೆ ಮನೆಯಲ್ಲಿದ್ದದ್ದು ಇಂಡಕ್ಷನ್ ಒಲೆ. ಹಾಲು ಅಂಚಿನಿಂದ ಇಳಿದು ಗಾಜಿಗೆ ತಾಗಿದ್ದೇ ತಡ, ಒಲೆ ಕುಂಯ್ಗುಟ್ಟಿ ತಾನೇ ಆರಿಹೋಯಿತು. ಹಾಲು ಸಪ್ಪಗೆ ಕೆಳಗಿಳಿಯಿತು. ಒರೆಸಿ ಮತ್ತೆ ಹಚ್ಚಿದರೆ ಮತ್ತೆ ಅದೇ ಕಥೆ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವನಿಗೆ ಮಾತ್ರ ನಿಜವಾಗಿಯೂ ಬೇಜಾರಾಗಿತ್ತು.

“ಇದಕ್ಕೆ ಸಂಭ್ರಮ ಅಂದ್ರೇನು ಅಂತಾನೇ ಗೊತ್ತಿಲ್ಲ ಕಣೇ. ಈ ದೇಶದಲ್ಲಿ ಒಂದ್ಸಲನಾದ್ರೂ ನಿಜವಾದ ಬೆಂಕಿ ಮೇಲೆ ಹಾಲು ಉಕ್ಕಿಸ್ಲೇಬೇಕು ನಾನು” ಎಂದ.

ಟೆಂಟಿನ ಹುಚ್ಚು ಅಲ್ಲಿಂದ ಶುರುವಾಯಿತು. ಚಿಕ್ಕಂದಿನಲ್ಲಿ ಚಳಿಗಾಲದ ಬೆಳಿಗ್ಗೆ ಅಜ್ಜಿಯ ಜೊತೆ ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೈ ಕಾಯಿಸಿಕೊಂಡವನು ಅವನು. ಇಲ್ಲಿನ ನಮ್ಮ ಮನೆಯಲ್ಲಿ ಕಟ್ಟಿಗೆ ಉರಿಸುವಂತಿರಲಿಲ್ಲ. ಚಳಿಗಾಲದಲ್ಲಿ ಕಾಡಿನ ಕ್ಯಾಂಪಿಂಗ್ ಜಾಗಗಳಿಗೆ ಹೋಗಿ, ಟೆಂಟಿನ ಒಳಗೇ ಕಬ್ಬಿಣದ ಪುಟ್ಟ ಒಲೆ ಹಚ್ಚಿಕೊಂಡು ಮಲಗುವವರಿದ್ದಾರೆ ಎಂದು ಯಾರೋ ಸಹೋದ್ಯೋಗಿ ಹೇಳಿದ್ದೇ ನೆಪವಾಯಿತು. ಅಂಥ ಟೆಂಟಿನ ನೆತ್ತಿಯಲ್ಲೋ ಪಕ್ಕದಲ್ಲೋ ಹೊಗೆ ಕೊಳವೆ ಹಾಯಲು ಒಂದು ಕಿಂಡಿ ಇರುತ್ತದೆ, ಸುತ್ತ ಬೆಂಕಿ ತಾಗದ ಬಟ್ಟೆಯ ಬಳೆ. ದಪ್ಪ ಹತ್ತಿ ಬಟ್ಟೆಯದಾದರೆ ಉಸಿರಾಡುತ್ತದೆ, ಕಿಡಿ ಬಿದ್ದರೂ ಥಟ್ಟನೆ ಕರಗುವುದಿಲ್ಲ, ಆದರೆ ಹೊರಲಾರದಷ್ಟು ಭಾರ, ನೆನೆದರೆ ಇನ್ನೂ ಭಾರ. ನೈಲಾನಿನದು ಹಗುರ, ಆದರೆ ಒಳಗೆಲ್ಲ ನೀರು ಬೆವರುತ್ತದೆ. ಗಾಳಿ ಬರಲು ಕೆಳಗೊಂದು, ಹೋಗಲು ಮೇಲೊಂದು ದಾರಿ ಇರಲೇಬೇಕು. ಇದೆಲ್ಲ ನನಗೆ ಬಾಯಿಪಾಠವಾಗಿತ್ತು, ಏಕೆಂದರೆ ಊಟಕ್ಕೆ ಕೂತಾಗ ಅವನಿಗೆ ಬೇರೆ ಮಾತೇ ಇರಲಿಲ್ಲ. ಇವತ್ತು ಒಂದು ಇಷ್ಟವಾದರೆ ನಾಳೆ ಇನ್ನೊಂದು. ನನ್ನನ್ನು ಒಪ್ಪಿಕೊಳ್ಳುವುದಕ್ಕೂ ಇಷ್ಟು ಯೋಚಿಸಲಿಲ್ಲವಲ್ಲೋ ಎಂದು ರೇಗಿಸುತ್ತಿದ್ದೆ.

ಹೀಗೆ ಆರಿಸುತ್ತಿರುವಾಗಲೇ ಅವನಿಗೆ ಕಾಯಿಲೆ ಕಾಣಿಸಿತು. ವಸಂತದಲ್ಲಿ ಗೊತ್ತಾಯಿತು, ಎಲೆ ಉದುರುವ ಮೊದಲೇ ಅವನು ಹೋಗಿಬಿಟ್ಟ. ಆಸ್ಪತ್ರೆಯ ಹಾಸಿಗೆಯಲ್ಲೂ ಮಗಳು ಇಂಪನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೆಂಟುಗಳ ಚಿತ್ರ ತೋರಿಸುತ್ತಿದ್ದ. ಹಿಮ ಬಿದ್ದ ದಿನ ಹೋಗೋಣ, ಒಲೆ ಹಚ್ಚಿ ಮೊದಲು ಹಾಲು ಉಕ್ಕಿಸೋಣ ಎಂದು ಅವಳಿಗೆ ಮಾತು ಕೊಟ್ಟಿದ್ದ. ಯಾವ ಟೆಂಟು ಎಂದು ಮಾತ್ರ ಹೇಳಿ ಹೋಗಲಿಲ್ಲ.

ಇಂಪನಾಗೆ ಆಗ ಒಂಬತ್ತು ವರ್ಷ. ಅಪ್ಪ ಹೋದಾಗ ಅವಳು ಅಳಲಿಲ್ಲ, ಆಮೇಲೂ ಅಳಲಿಲ್ಲ. ಶಾಲೆಗೆ ಹೋದಳು, ಈಜಿಗೆ ಹೋದಳು, ಕೇಳಿದ್ದಕ್ಕೆ ಡಚ್ಚಿನಲ್ಲೋ ಇಂಗ್ಲಿಷಿನಲ್ಲೋ ಚುಟುಕಾಗಿ ಉತ್ತರ ಕೊಟ್ಟಳು. ಶಾಲೆಯವರು ನನ್ನನ್ನು ಕರೆಸಿ, ಮಗು ಒಳಗೇ ಇಟ್ಟುಕೊಂಡಿದೆ ಎಂದರು. ಅದು ನನಗೆ ಗೊತ್ತಿಲ್ಲವೇ? ಚಳಿ ಶುರುವಾದ ಮೇಲೆ ಅವಳು ಒಂದೇ ಒಂದು ವಿಷಯ ಹಿಡಿದಳು: ಟೆಂಟು ತರಬೇಕು, ಅದೂ ಅಪ್ಪ ಆರಿಸುತ್ತಿದ್ದುದನ್ನೇ. ಯಾವುದೋ ಒಂದನ್ನು ತಂದು ಇದೇ ಅದು ಎಂದು ಸುಳ್ಳು ಹೇಳಬಹುದಿತ್ತು. ಆದರೆ ಅವಳು ನನ್ನ ಮಗಳು, ತಪ್ಪು ಹುಡುಕುವವಳು. ಅವಳು ಅಪ್ಪನ ವಿಷಯದಲ್ಲಿ ಹಿಡಿದುಕೊಂಡಿದ್ದ ಎಳೆ ಅದೊಂದೇ, ಅದನ್ನೂ ನಾನು ಕಡಿದರೆ ಇನ್ನೇನು ಉಳಿಯುತ್ತದೆ ಎಂದು ನನಗೆ ಭಯವಿತ್ತು.

ಒಂದು ಶನಿವಾರ ಮಧ್ಯಾಹ್ನ ಅವಳನ್ನು ಕರೆದುಕೊಂಡು ಊರಾಚೆಯ ದೊಡ್ಡ ಅಂಗಡಿಯೊಂದಕ್ಕೆ ಹೋದೆ. ಗೋದಾಮಿನಂಥ ಕಟ್ಟಡ, ಒಳಗೆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಸಾಲಾಗಿ ಟೆಂಟುಗಳನ್ನು ಹೂಡಿದ್ದರು. ಹಲವುಗಳ ಒಳಗೆ ಒಲೆಗಳನ್ನೂ ಜೋಡಿಸಿದ್ದರು, ಬರೀ ನೋಡುವುದಕ್ಕೆ. ಕಪ್ಪು ಕಬ್ಬಿಣದ ಹೊಸ ಒಲೆಗಳು, ಬೆಂಕಿ ಕಂಡವಲ್ಲ. ಅಂಗಡಿಯಲ್ಲಿ ಬೆಂಕಿ ಹಚ್ಚುವಂತೆಯೇ ಇಲ್ಲ ಎಂದು ಅಲ್ಲಿನ ಮಾರಾಟಗಾರ ಮೊದಲೇ ಹೇಳಿದ. ನರೆತ ಗಡ್ಡದ, ತಾಳ್ಮೆಯ ಮನುಷ್ಯ. ಪ್ರಸನ್ನ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ನಾನು ಕೇಳಿದೆ. ಒಂದು ತಾಸು ತಿರುಗಿದರೂ ನನಗೆ ಏನೂ ಹೊಳೆಯಲಿಲ್ಲ. ಎಲ್ಲವೂ ಅವನು ಒಂದಲ್ಲ ಒಂದು ದಿನ ಇಷ್ಟಪಟ್ಟಿದ್ದವೇ. ಸುಮ್ಮನೆ ಅಲ್ಲೇ ಒಂದು ಮಡಚುವ ಕುರ್ಚಿಯಲ್ಲಿ ಕೂತುಬಿಟ್ಟೆ.

ಆಗ ಕೊನೆಯ ಸಾಲಿನ ಒಂದು ಟೆಂಟಿನಿಂದ ಇಂಪನಾ ತಲೆ ಹೊರಹಾಕಿ, “ಅಮ್ಮಾ, ಹಾಲು ಉಕ್ತಿದೆ” ಎಂದಳು.

ಮನೆಯಲ್ಲಿ ಹೇಳುವ ಹಾಗೆ, ಅಷ್ಟೇ ಸಾಮಾನ್ಯವಾಗಿ ಹೇಳಿದಳು. ನಾನೂ ಮನೆಯಲ್ಲಿ ಏಳುವ ಹಾಗೆಯೇ ದಡಕ್ಕನೆ ಎದ್ದು ಓಡಿದೆ. ಒಂಟಿ ಕಂಬದ, ಹತ್ತಿ ಬಟ್ಟೆಯ, ಮಣ್ಣಿನ ಬಣ್ಣದ ಟೆಂಟು ಅದು. ಬಗ್ಗಿ ಒಳಗೆ ಹೋಗುತ್ತಲೇ ವಾಸನೆ ಮುಖಕ್ಕೆ ಬಡಿಯಿತು. ಉಕ್ಕಿ ಒಲೆಯ ಮೇಲೆ ಬಿದ್ದು ಸೀದ ಹಾಲಿನ ವಾಸನೆ. ಅದನ್ನು ತಿಳಿಯದ ಕನ್ನಡದ ಹೆಂಗಸು ಇದ್ದಾಳೆಯೇ? ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ಒಲೆಯ ಮೇಲೆ ಪಾತ್ರೆ ಇರಲಿಲ್ಲ. ಮುಟ್ಟಿ ನೋಡಿದೆ, ತಣ್ಣಗಿತ್ತು. ಆದರೆ ಕಪ್ಪು ತಗಡಿನ ಮೇಲೆ, ಒಂದು ಅಂಚಿನಿಂದ ಕೆಳಗೆ ಇಳಿದಂತೆ, ಕಂದು ಬಣ್ಣದ ಒಂದು ಗೆರೆ ಇತ್ತು. ಉಗುರಿನಿಂದ ಕೆರೆದರೆ ಕೆನೆಯ ಹಾಗೆ ಎದ್ದು ಬಂತು.

ಮಾರಾಟಗಾರ ಹಿಂದೆಯೇ ಬಂದ. ಅವನೂ ಮೂಗು ಅರಳಿಸಿದ, ಯಾರಾದರೂ ಹಾಲು ಚೆಲ್ಲಿದರೇ ಎಂದು ಕೇಳಿದ. ಆದ್ದರಿಂದ ಇದು ತಾಯಿ ಮಗಳ ಭ್ರಮೆ ಎನ್ನುವಂತಿಲ್ಲ. ನಾನು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ, ಇಲ್ಲಿ ಪೂರ್ವ ಯಾವ ಕಡೆ? ಗಿರಾಕಿಗಳ ವಿಚಿತ್ರ ಪ್ರಶ್ನೆಗಳು ಅವನಿಗೆ ಅಭ್ಯಾಸವಿರಬೇಕು. ಫೋನು ತೆಗೆದು ನೋಡಿ ಕೈ ತೋರಿಸಿದ. ಗೆರೆ ಇಳಿದಿದ್ದ ಕಡೆಗೇ ತೋರಿಸಿದ. ಆಮೇಲೆ, ಕ್ಷಮಿಸಿ ಮೇಡಂ ಎಂದು ಹೇಳಿ, ಜೇಬಿನಿಂದ ಬಟ್ಟೆ ತೆಗೆದು ನೀಟಾಗಿ ಒರೆಸಿಬಿಟ್ಟ. ಇಷ್ಟು ವರ್ಷ ಇಲ್ಲಿದ್ದೇನೆ, ಒರೆಸಬೇಡಿ ಎನ್ನಲು ಆ ಹೊತ್ತಿಗೆ ನನ್ನ ಬಾಯಿಗೆ ಒಂದು ಡಚ್ ಪದವೂ ಬರಲಿಲ್ಲ.

ನನಗೆ ಸಮಾಧಾನವಾಯಿತು ಎಂದು ನೀವು ತಿಳಿದಿರಬಹುದು. ಇಲ್ಲ, ಸಿಟ್ಟು ಬಂತು. ಅಷ್ಟು ಆಸೆಪಟ್ಟಿದ್ದವನು ನಮ್ಮನ್ನು ಹೊರಗೆ ನಿಲ್ಲಿಸಿ ಒಬ್ಬನೇ ಗೃಹಪ್ರವೇಶ ಮಾಡಿಕೊಂಡುಬಿಟ್ಟನಲ್ಲ! ಆ ಟೆಂಟನ್ನೇ, ಆ ಒಲೆಯನ್ನೇ ಕೊಡಿ ಎಂದೆ. ಗೋದಾಮಿನಲ್ಲಿ ಬಿಚ್ಚದ ಹೊಸ ಪೆಟ್ಟಿಗೆ ಇದೆ, ಇದು ಎಲ್ಲರೂ ಮುಟ್ಟಿದ್ದು ಎಂದು ಅವನು ತಿಳಿಹೇಳಿದ. ಬೇಡ, ಇದೇ ಬೇಕು ಎಂದೆ. ಇಂಪನಾ ಒಲೆಯ ಕೊಳವೆಯನ್ನು ತಬ್ಬಿಕೊಂಡು ಕಾರಿನವರೆಗೆ ನಡೆದಳು.

ಮರುವಾರ ನಾನೊಬ್ಬಳೇ ಅಲ್ಲಿಗೆ ಹೋದೆ. ಆ ಜಾಗದಲ್ಲಿ ಆಗಲೇ ಬೇರೆ ಟೆಂಟು ನಿಂತಿತ್ತು, ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಬಾಗಿಲ ಬಳಿ ಕಾಫಿ ಯಂತ್ರವಿತ್ತು. ಯಾರೋ ಹಾಲಿನ ಕಾಫಿ ತಂದು ಚೆಲ್ಲಿರಬಹುದು. ಆದರೆ ತಣ್ಣನೆಯ ಕಬ್ಬಿಣದ ಮೇಲೆ ಹಾಲು ಸೀಯುವುದು ಹೇಗೆ?

ಆ ಚಳಿಗಾಲದಲ್ಲಿ ಹಿಮ ಒಮ್ಮೆ ಬಿತ್ತು. ಮಾತು ಕೊಟ್ಟಂತೆ ವೇಲುವೆಯ ಕಾಡಿಗೆ ಹೋದೆವು. ಸಂಜೆ ಟೆಂಟು ಹೂಡಿ, ಒಲೆ ಹಚ್ಚಿ, ಪುಟ್ಟ ಪಾತ್ರೆಯಲ್ಲಿ ಹಾಲಿಟ್ಟೆ. ಕಟ್ಟಿಗೆ ಚಟಪಟ ಎನ್ನುತ್ತಿತ್ತು, ಹಾಲು ಅಂಚಿಗೆ ಏರಿತು. ಇನ್ನೇನು ಉಕ್ಕಬೇಕು, ಇಂಪನಾ ನನ್ನ ತೋಳು ಹಿಡಿದಳು.

“ಬೇಡ ಅಮ್ಮ, ತೆಗಿ. ಅಪ್ಪ ಆಲ್ರೆಡಿ ಮಾಡಿದ್ದಾರಲ್ಲ. ಒಂದೇ ಮನೆಗೆ ಯಾರೂ ಎರಡು ಸಲ ಮಾಡಲ್ಲ.”

ಶಾಲಿನ ಸೆರಗಲ್ಲಿ ಹಿಡಿದು ಪಾತ್ರೆ ಇಳಿಸಿದೆ. ಅಷ್ಟರಲ್ಲಿ ಅವಳು ಅಳಲು ಶುರುಮಾಡಿದ್ದಳು. ಇಷ್ಟು ತಿಂಗಳು ಕೂಡಿಟ್ಟಿದ್ದನ್ನೆಲ್ಲ ಬಿಕ್ಕಿ ಬಿಕ್ಕಿ ಅತ್ತಳು. ಅವಳ ಜೊತೆ ನಾನೂ ಅತ್ತೆ. ಹಾಲು ಹಾಗೇ ತಣ್ಣಗಾಯಿತು.

ಈಗ ಅವಳು ನನ್ನ ಎತ್ತರಕ್ಕೆ ಬೆಳೆದಿದ್ದಾಳೆ, ಪ್ರತಿ ಚಳಿಗಾಲ ಅದೇ ಟೆಂಟು ಹೂಡುತ್ತೇವೆ. ಅಂಗಡಿಯಲ್ಲಿ ನಡೆದದ್ದೇನು ಎಂದು ಅವಳು ಕೇಳಿದವಳಲ್ಲ. ನಾನು ಮಾತ್ರ, ಅವಳು ಹೊರಗೆ ಗೂಟ ಹೊಡೆಯುತ್ತಿರುವಾಗ, ಕಟ್ಟಿಗೆ ಹಾಕುವುದಕ್ಕೆ ಮುಂಚೆ, ತಣ್ಣಗಿರುವ ಒಲೆಯ ಮೇಲೆ ಬಗ್ಗಿ ಮೂಸಿ ನೋಡುತ್ತೇನೆ. ಕಬ್ಬಿಣದ ವಾಸನೆ ಬರುತ್ತದೆ, ಬೂದಿಯ ವಾಸನೆ ಬರುತ್ತದೆ.