ಅಂಗೈ ಕೆಳಗಿನ ಕೈ

ಅತ್ತೆಗೆ ಸ್ಟ್ರೋಕ್ ಹೊಡೆದು ಎಡಗೈ ಸ್ವಾಧೀನ ತಪ್ಪಿದಾಗ ನಂಜನಗೂಡಿನ ನಮ್ಮ ಮನೆಗೆ ಮೊದಲು ಬಂದದ್ದು ಬಾಡಿಗೆ ಮಂಚ. ಗೂಡ್ಸ್ ಆಟೋದಲ್ಲಿ ತಂದವನು ಹಿಡಿ ತಿರುಗಿಸಿ ತಲೆಭಾಗ ಎತ್ತುವುದನ್ನು ತೋರಿಸಿಕೊಟ್ಟ. ಮರುದಿನ ದೇವನೂರಿನಿಂದ ಬೆಳಗಿನ ಬಸ್ಸಿಗೆ, ಅತ್ತೆಯನ್ನು ನೋಡಿಕೊಳ್ಳುವ ಹೆಂಗಸು ಬಂದಳು. ನಾನು ತಿ. ನರಸೀಪುರದ ಶಾಲೆಯಲ್ಲಿ ಟೀಚರು, ಗಂಡ ನನಗಿಂತ ಮೊದಲೇ ಡ್ಯೂಟಿಗೆ ಹೊರಡುವವರು. ಅವಳನ್ನು ಕಂಡು ನನಗೆ ಹೋದ ಜೀವ ಬಂದಂತಾಯಿತು.

"ಯಾರ ಪೈಕಿಯಮ್ಮ ನೀನು?" ಅತ್ತೆಯ ಮೊದಲ ಪ್ರಶ್ನೆಯೇ ಅದು.

"ಬುದ್ಧನ ಪೈಕಿ ಕಣವ್ವಾ," ಎಂದು ಅವಳು ಸೆರಗು ಸಿಕ್ಕಿಸಿ ಹಾಸಿಗೆ ಸರಿಮಾಡತೊಡಗಿದಳು.

ಅತ್ತೆ ಮುಂದೆ ಕೇಳಲಿಲ್ಲ. ಅವಳಿಗೊಂದು ಬೇರೆ ಲೋಟ ಮಾತ್ರ ಇಡಿಸಿದರು. ನನಗೆ ನಾಚಿಕೆಯಾಯಿತು. ಸಣ್ಣದಕ್ಕೂ ಬೀದಿಗೆ ಕೇಳುವಂತೆ ಕೂಗಾಡುವ ನಾನು ಅಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡೆ.

ಅತ್ತೆ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆ ಮಾಡದೆ ತೊಟ್ಟು ನೀರೂ ಮುಟ್ಟುವವರಲ್ಲ. ಆಸ್ಪತ್ರೆಯಲ್ಲಿ ನಳಿಕೆಯಲ್ಲಿ ಕೊಟ್ಟದ್ದು ಲೆಕ್ಕಕ್ಕಿಲ್ಲವಂತೆ. ಈಗ ಆ ಅಂಗೈ ನಿಲ್ಲುತ್ತಲೇ ಇರಲಿಲ್ಲ. ಪೂಜೆಯಿಲ್ಲದೆ ಊಟವಿಲ್ಲ, ಊಟವಿಲ್ಲದೆ ಮಾತ್ರೆಯಿಲ್ಲ. ಮಾತ್ರೆ ತಪ್ಪಿದರೆ ಮತ್ತೆ ಸ್ಟ್ರೋಕ್ ಆಗಬಹುದೆಂದು ಡಾಕ್ಟರು ಎಚ್ಚರಿಸಿದ್ದರು.

ಮೊದಲ ದಿನ ನಾನೇ ಅವರ ಕೈ ಹಿಡಿದು ಕೂತೆ. ಪೂಜೆ ಹೇಗೋ ಮುಗಿಯಿತು, ಆದರೆ ನಡುವೆ ನಾನು ಎರಡು ಸಲ ಗಡಿಯಾರ ನೋಡಿದ್ದಕ್ಕೆ, "ನಾಳೆಯಿಂದ ನೀನು ಬೇಡ ತಾಯಿ, ನಿನ್ನ ಜೀವವೆಲ್ಲ ಬಸ್‌ಸ್ಟ್ಯಾಂಡಲ್ಲಿದೆ," ಎಂದರು. ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು.

ಎರಡನೆಯ ದಿನ ಮಂಚಕ್ಕೆ ಅಡ್ಡ ಬರುವ ಚಕ್ರದ ಮೇಜು ತರಿಸಿ, ಟವೆಲ್ ಮಡಿಸಿ, ಅದರ ಮೇಲೆ ಅವರ ಕೈ ಇರಿಸಿದೆ. ಅಂಗೈ ವಾಲಿತು, ಲಿಂಗ ಜಾರಿತು. ಅತ್ತೆ ಬಲಗೈಯಲ್ಲಿ ಅದನ್ನು ಎದೆಗೆ ಅವುಚಿಕೊಂಡು, ಕೊರಳಿನ ಕರಡಿಗೆಗೆ ಸೇರಿಸಿ, ಗೋಡೆಯತ್ತ ಮುಖ ತಿರುಗಿಸಿದರು. "ಉಪವಾಸ ಬೀಳು ಅಂತ ದೇವರು ಹೇಳಿದನಾ?" ಎಂದು ರೇಗಿದೆ. ಅವರು ಅಳುತ್ತಿದ್ದರು.

"ನಿಮ್ ಕೈ ಅಡೀಲಿ ನನ್ ಕೈ ಇಡ್ಲಾ ಅವ್ವಾ?" ಎಂದಳು, ಬಾಗಿಲಲ್ಲಿ ನಿಂತಿದ್ದ ಆ ಹೆಂಗಸು.

ಅತ್ತೆ ಗೋಡೆಯ ಕಡೆಯಿಂದ ಇತ್ತ ಹೊರಳಿ ಅವಳನ್ನು ನೋಡಿದರು. ಆಮೇಲೆ, "ಕೈ ತೊಳ್ಕೊಂಡು ಬಾ," ಎಂದರು.

"ತೊಳ್ದೇ ಇವ್ನಿ ಕಣವ್ವಾ. ನಿಮ್ಮುನ್ನ ಮುಟ್ಟಕ್ ಮುಂಚೆ ದಿನಾ ತೊಳಿತೀನಿ," ಎಂದು ಎರಡೂ ಅಂಗೈ ತೋರಿಸಿದಳು. ದನಿಯಲ್ಲಿ ಕೋಪವಿರಲಿಲ್ಲ, ಅಳುಕೂ ಇರಲಿಲ್ಲ.

ಅತ್ತೆ ಆ ಕೈಗಳನ್ನು ನೋಡಿದರು. "ಸರಿ, ಬಾ," ಎಂದರು.

ಅವಳು ಮಂಚದ ಪಕ್ಕ ಮಂಡಿಯೂರಿದಳು. ಅವಳ ಅಂಗೈ ಮೇಲೆ ಅತ್ತೆಯ ಅಂಗೈ, ಅದರ ಮೇಲೆ ಲಿಂಗ. ಅರ್ಧ ಗಂಟೆ ಅವಳು ಅಲುಗಲಿಲ್ಲ. ಅತ್ತೆ ಎರಡು ಇಡ್ಲಿ ತಿಂದು ಮಾತ್ರೆ ನುಂಗಿದರು. ನನಗೆ ಬಸ್ಸು ತಪ್ಪಿತು, ಹೆಡ್‌ಮಾಸ್ಟರು ಬೈದದ್ದು ಕಿವಿಗೆ ಬೀಳಲಿಲ್ಲ. ವಾರದೊಳಗೆ, "ಆ ಲೋಟ ತೆಗೆದುಬಿಡು," ಎಂದು ಅತ್ತೆಯೇ ಹೇಳಿದರು.

ದಿನವೂ ಅವಳು ಬೆರಳು ಮಡಿಸಿ ಬಿಡಿಸಿ, ಸ್ಪಂಜಿನ ಚೆಂಡು ಅದುಮಿಸುತ್ತಿದ್ದಳು. ಎರಡು ತಿಂಗಳ ಮೇಲೊಂದು ಭಾನುವಾರ ಪೂಜೆ ನಡೆದಿತ್ತು. ಅವಳು ಮೆಲ್ಲಗೆ ನಕ್ಕಳು.

"ಅವ್ವಾ, ಮೂರ್ ದಿನಾಯ್ತು, ನಿಮ್ ಕೈಗೆ ನನ್ ಕೈ ತಾಕ್ಸೇ ಇಲ್ಲ. ಸುಮ್ನೆ ಕೆಳಗಡೆ ಒಡ್ಡಿವ್ನಿ, ಅಷ್ಟೆ."

ನಾನು ಬಗ್ಗಿ ನೋಡಿದೆ. ಎರಡು ಅಂಗೈಗಳ ನಡುವೆ ಒಂದು ಬೆರಳಿನಷ್ಟು ಜಾಗವಿತ್ತು.

ಅತ್ತೆ ಲಿಂಗದ ಮೇಲಿಟ್ಟ ದೃಷ್ಟಿ ಕದಲಿಸಲಿಲ್ಲ.

"ಗೊತ್ತು ಕಣ್ ಮಗಾ," ಎಂದರು. "ಆದ್ರೂ ನಿನ್ ಕೈ ಅಲ್ಲೇ ಇರ್ಲಿ."