ಒತ್ತಿಟ್ಟ ಉಪ್ಪುಗಿಡದ ಹೂ

ಇಂಥ ಸಂಗತಿ ಹೇಳುವವರ ಮಾತನ್ನು ನಾನು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದೆ. ನೀವೂ ಎದ್ದು ಹೋದರೆ ನನಗೆ ಬೇಸರವಿಲ್ಲ. ನಡೆದದ್ದನ್ನು ಮಾತ್ರ ಬದಲಿಸಲಾರೆ.

ತೊಂಬತ್ತರ ದಶಕದ ಕೊನೆ. ಹರಪನಹಳ್ಳಿ ಸುತ್ತಲಿನ ಚೌಳು ನೆಲದ ಸಸ್ಯಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ತೆಲಿಗಿ ದಾಟಿ, ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿದ್ದ ಹಳ್ಳದ ದಂಡೆಯಲ್ಲಿ, ಸೊಂಟದೆತ್ತರದ ಒಂದು ಪೊದೆ ಸಿಕ್ಕಿತು. ಎಲೆಗಳು ಸಣ್ಣ, ದಪ್ಪ. ಕಚ್ಚಿದರೆ ಬಾಯಿತುಂಬ ಉಪ್ಪುನೀರು. ಮರುಭೂಮಿಯಲ್ಲಿ ಬೆಳೆಯುವ ಕುಲ ಅದು. ನಮ್ಮ ಕಡೆ ಇದೆಯೆಂದು ತೋರಿಸಿದರೆ ನನ್ನ ಪ್ರಬಂಧ ಗೆದ್ದಂತೆ. ಆದರೆ ಹೂ ನೋಡದೆ ಅದರ ಜಾತಿ ಹೇಳಲಾಗದು. ಪೊದೆಯಲ್ಲಿ ಒಂದು ಮೊಗ್ಗೂ ಇರಲಿಲ್ಲ.

ಇಂಥ ರಸ ತುಂಬಿದ ಗಿಡಗಳು ಕಾಗದದ ನಡುವೆ ಒತ್ತಿಟ್ಟರೂ ವಾರಗಟ್ಟಲೆ ಸಾಯುವುದಿಲ್ಲ. ಅದಕ್ಕೇ ಮೊದಲು ಕುದಿನೀರಿನಲ್ಲಿ ಅದ್ದಿ ಕೊಲ್ಲುತ್ತೇವೆ. ಅಲ್ಲೇ ಕುರಿ ಮೇಯಿಸುತ್ತಿದ್ದ ಮುದುಕಿ ಗಂಗವ್ವನ ಒಲೆಯ ಮೇಲೆ ನೀರಿಟ್ಟೆ.

“ಬಸುರಾದ ಗಿಡಾನ ಕುದಿಸ್ತಿಯಲ್ಲವ್ವ. ಎಂಟು ದಿನ ತಡಿಯಾಕ ಆಗಂಗಿಲ್ಲೇನು?”

“ಬಸ್ಸು ತಪ್ಪತೈತಿ, ಅಜ್ಜಿ.”

“ನಿನ್ನ ಬಸ್ಸು ಅದಕ್ಯಾಕ? ತನ್ನ ದಿನಕ್ಕ ಅದು ಹೂ ಬಿಟ್ಟೇ ಬಿಡತೈತಿ, ನೋಡ್ತಿರು.”

ನಕ್ಕು ರೆಂಬೆಯನ್ನು ಅದ್ದಿದೆ. ಎಲೆಗಳು ಬಣ್ಣಗೆಟ್ಟು ಜೋತುಬಿದ್ದವು. ಹಲಗೆಗಳ ನಡುವೆ ಬಿಗಿದು, ಚೀಟಿಯಲ್ಲಿ ‘ಹೂವಿಲ್ಲ’ ಎಂದು ಬರೆದೆ.

ದಿನವೂ ಕಾಗದ ಬದಲಿಸಿದೆ. ಏಳು ದಿನವೂ ಕಂಡದ್ದು ಸತ್ತ ರೆಂಬೆ. ಎಂಟನೆಯ ಬೆಳಿಗ್ಗೆ ಕಾಗದ ಒದ್ದೆಯಾಗಿತ್ತು. ಒಣಗಿದ ಎಲೆಗಳ ಕಂಕುಳಲ್ಲಿ ಸಾಸಿವೆಯಷ್ಟು ಸಣ್ಣ ಹಸಿರು ಹೂಗಳು, ಗೊಂಚಲುಗೊಂಚಲಾಗಿ.

ನನ್ನ ಮಾರ್ಗದರ್ಶಕರು ಭೂತಗನ್ನಡಿ ಹಿಡಿದು, “ಗೋಂದು ಹಚ್ಚಿ ಹೂ ಚಲೋ ಅಂಟಿಸೀಯವ್ವ” ಎಂದರು.

ಹೂವಿನ ಬುಡವನ್ನು ಬ್ಲೇಡಿನಿಂದ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟೆ. ಕಾಂಡದ ನಾಳ ಎಲ್ಲೂ ತುಂಡಾಗದೆ ಹೂವಿನೊಳಗೆ ಹೋಗಿತ್ತು. ಅವರು ಬಹಳ ಹೊತ್ತು ನೋಡಿದರು.

“ಚೀಟಿ ತಿದ್ದಿಬಿಡು. ಹೂವಿತ್ತು ಅಂತ ಬರಿ. ಯಾರು ಕೇಳ್ತಾರ?”

“ಹೂವಿರಲಿಲ್ಲ, ಸರ್.”

“ಹಂಗಾದ್ರ ಈ ಗಿಡ ಪ್ರಬಂಧದಾಗ ಇರಂಗಿಲ್ಲ.”

“ಬ್ಯಾಡ ಬಿಡ್ರಿ.”

ಆ ಅಧ್ಯಾಯ ಹೋಯಿತು. ಪದವಿ ಒಂದು ವರ್ಷ ತಡವಾಗಿ ಬಂತು.

ನೀರು ಸರಿಯಾಗಿ ಕುದ್ದಿರಲಿಲ್ಲ ಎನ್ನುವವರಿದ್ದಾರೆ. ನನಗೂ ಆ ಅನುಮಾನ ಬಂದಿತ್ತು. ಅದೇ ಪೊದೆಯ ರೆಂಬೆಗಳನ್ನು ಮತ್ತೆ ಮತ್ತೆ ಅದ್ದಿ ನೋಡಿದೆ, ಕುದಿ ಬರುವ ಮೊದಲೂ ಬಂದ ಮೇಲೂ. ನಾನು ಹೋದಾಗೆಲ್ಲ ಪೊದೆ ಹೂವಿಲ್ಲದೆ ಇತ್ತು; ಅದ್ದಿದ ರೆಂಬೆಗಳಲ್ಲೂ ಒಂದೂ ಹೂ ಬಿಡಲಿಲ್ಲ. ಅಂದು ಆದದ್ದೇನು, ಇಂದಿಗೂ ತಿಳಿಯದು.

ಆ ಹಾಳೆ ನನ್ನ ಬಳಿಯೇ ಇದೆ. ಮೇಲೆ ಒಣಗಿದ ಹೂ. ಕೆಳಗೆ ನನ್ನ ಕೈಬರಹದಲ್ಲಿ ‘ಹೂವಿಲ್ಲ’. ತಿದ್ದಿಲ್ಲ.